ಊರಿದ ಎಡಗಾಲು

ವೇದಾ ತನ್ನ ಗಂಡನ ವಿರುದ್ಧ ಮೊದಲ ಸಲ ಸೀಟಿ ಊದಿದ್ದು ತೊಂಬತ್ತಾರರ ಡಿಸೆಂಬರಿನಲ್ಲಿ, ದೋಹಾದ ಒಂದು ಭಾರತೀಯ ಶಾಲೆಯ ಸಿಮೆಂಟ್ ಕೋರ್ಟಿನಲ್ಲಿ.

ದೊಡ್ಡ ಪಂದ್ಯವೇನಲ್ಲ ಅದು. ಬಿಸಿಲು ತಗ್ಗಿ ಚಳಿಗಾಲ ಬಂತೆಂದರೆ ಅಲ್ಲಿನ ಭಾರತೀಯರು ತಂಡ ಕಟ್ಟಿಕೊಂಡು ವಾರದ ರಜೆಯಾದ ಶುಕ್ರವಾರದ ಸಂಜೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ನಡೆಸುತ್ತಿದ್ದರು. ವೇದಾ ಅದೇ ಶಾಲೆಯಲ್ಲಿ ಪಿ.ಟಿ. ಟೀಚರ್. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಿದವಳು, ಆಮೇಲೆ ರೆಫರಿ ಪರೀಕ್ಷೆಯನ್ನೂ ಪಾಸು ಮಾಡಿದವಳು. ಗಂಡಸರ ಆಟಕ್ಕೆ ಹೆಂಗಸು ರೆಫರಿಯೇ ಎಂದು ಮೊದಲ ವರ್ಷ ಕೆಲವರು ಗೊಣಗಿದ್ದರು. ಟೂರ್ನಮೆಂಟಿನ ಉಸ್ತುವಾರಿ ನೋಡುತ್ತಿದ್ದ ಮಂಗಳೂರಿನ ಆನ್ಸೆಲ್ಮ್, "ರೂಲ್ಸ್ ಗೊತ್ತಿದ್ದವರು ಬೇರೆ ಯಾರಾದ್ರೂ ಉಂಟಾ ಇಲ್ಲಿ? ಇದ್ರೆ ಬನ್ನಿ ಮಾರ್ರೆ, ವಿಷಲ್ ಕೊಡ್ತೇನೆ" ಎಂದಿದ್ದ. ಯಾರೂ ಮುಂದೆ ಬರಲಿಲ್ಲ. ಅಲ್ಲಿಗೆ ಗೊಣಗಾಟ ನಿಂತಿತು.

ಅವಳ ಗಂಡ ಧನಂಜಯ ಉಮ್ ಸಯೀದ್ ಬಂದರಿನ ಎಣ್ಣೆ ಟ್ಯಾಂಕುಗಳನ್ನು ಪರೀಕ್ಷಿಸುವ ಎಂಜಿನಿಯರ್. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಅಲ್ ವಕ್ರಾ ಎಂಬ ಊರು ದಾಟಿ ಹೋದರೆ ಬರುವುದು ಸಂಜೆಗೆ. ದಿನವೆಲ್ಲ ಟ್ಯಾಂಕಿನ ಮೈಗೆ ಅಂಟಿದ ಕಬ್ಬಿಣದ ಏಣಿ ಹತ್ತಿ ಇಳಿಯುವ ಕೆಲಸ. ಅಷ್ಟು ಮಾಡಿಯೂ ಶುಕ್ರವಾರ ಬಂತೆಂದರೆ ಹುಡುಗನ ಹಾಗೆ ಶೂ ಕಟ್ಟಿ ನಿಲ್ಲುತ್ತಿದ್ದ. ನಲವತ್ತರ ಅಂಚಿನಲ್ಲಿದ್ದರೂ ತನಗಿಂತ ಹತ್ತು ವರ್ಷ ಚಿಕ್ಕವರನ್ನು ಅವನು ಆಟವಾಡಿಸುತ್ತಿದ್ದದ್ದು ಓಟದಿಂದಲ್ಲ, ಪಾದದಿಂದ. ಬುಟ್ಟಿಗೆ ಬೆನ್ನು ಕೊಟ್ಟು ಚೆಂಡು ಹಿಡಿಯುವನು. ಎಡಗಾಲು ನೆಲಕ್ಕೆ ಊರಿದನೆಂದರೆ ಮೊಳೆ ಹೊಡೆದ ಹಾಗೆ. ಬಲಗಾಲು ಮಾತ್ರ ಮುಂದೆ, ಹಿಂದೆ, ಪಕ್ಕಕ್ಕೆ ಆಡುತ್ತಿರುವುದು. ಭುಜವನ್ನು ಒಂದು ಕಡೆ ಅಲುಗಿಸಿ ಇನ್ನೊಂದು ಕಡೆ ತಿರುಗುವನು. ಚೆಂಡು ಎತ್ತಿ ಹೊಡೆಯುವಂತೆ ತೋರಿಸುವನು. ಎದುರಾಳಿ ಹಾರಿದ ಕೂಡಲೇ ಅವನ ತೋಳಿನ ಕೆಳಗಿಂದ ಬಲಗಾಲು ಚಾಚಿ ನುಸುಳಿ ಚೆಂಡನ್ನು ಬುಟ್ಟಿಗೆ ಬಿಡುವನು. ಆಗ ಎಡಗಾಲು ನೆಲದಿಂದ ಏಳುತ್ತದೆ. ಏಳಬಹುದು, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು. ತಿರುಗುವಾಗ ಊರಿದ ಕಾಲು ಜಾಗ ಬಿಟ್ಟು ಸರಿದರೂ, ಎತ್ತಿದ ಕಾಲು ಚೆಂಡು ಬಿಡುವ ಮೊದಲೇ ನೆಲಕ್ಕೆ ಬಂದರೂ ಟ್ರಾವೆಲಿಂಗ್. ಚೆಂಡು ಎದುರಿನವರ ಪಾಲು.

ಮೈಸೂರಿನಲ್ಲಿ ವೇದಾ ಹೀಗೆ ಒಂದು ಕಾಲೂರಿ ತಿರುಗುವ ಪಿವಟ್ ಕಲಿತದ್ದೇ ಹುಡುಗರ ಕೋರ್ಟಿನ ಪಕ್ಕ ನಿಂತು ಅವನ ಆ ಎಡಗಾಲನ್ನು ನೋಡಿ ನೋಡಿ. ಅವನ ಮುಖ ಪರಿಚಯವಾಗುವ ಮೊದಲೇ ಅವಳಿಗೆ ಅವನ ಕಾಲು ಪರಿಚಯವಾಗಿತ್ತು.

ಹಾಗಾಗಿ ಆ ಸಂಜೆ ಅವನು ಬೆನ್ನು ಕೊಟ್ಟು ಚೆಂಡು ಹಿಡಿದು, ಭುಜ ಅಲುಗಿಸಿ ತಿರುಗಿದಾಗ, ಎಡಗಾಲು ಅರ್ಧ ಅಡಿ ಸರಿದುಹೋದದ್ದನ್ನು ಕಂಡು ಅವಳ ಬಾಯಿ ಯೋಚನೆಗೂ ಮೊದಲೇ ಸೀಟಿ ಊದಿಬಿಟ್ಟಿತು. ಎರಡು ಮುಷ್ಟಿಗಳನ್ನು ಎದೆಯ ಮುಂದೆ ಒಂದರ ಸುತ್ತ ಒಂದು ತಿರುಗಿಸಿ ಟ್ರಾವೆಲ್ ತೋರಿಸಿದಳು. ಯಾರಿಗೆ ಕೊಟ್ಟದ್ದೆಂದು ಧನಂಜಯ ಹಿಂದೆ ತಿರುಗಿ ನೋಡಿದ. ಸುತ್ತ ನಿಂತವರು ನಕ್ಕರು. "ಬೆಳಿಗ್ಗೆ ಮನೆಯಲ್ಲಿ ಏನು ನಡೀತು ಧನಂಜಯ್?" ಎಂದು ಯಾರೋ ಕೂಗಿದರು. ಅವನೂ ನಕ್ಕು ಚೆಂಡು ಕೊಟ್ಟ.

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮನೆಗೆ ಕಾರಿನಲ್ಲಿ ಹೋಗುವಾಗ, "ಆ ಟ್ರಾವೆಲ್ ಕೊಟ್ಟಿದ್ದು ತಪ್ಪು" ಎಂದ.

"ಕಾಲು ಜಾರಿತ್ತು ರೀ."

"ನನ್ನ ಕಾಲು ಜಾರಲ್ಲ. ನಿನಗೇ ಗೊತ್ತು."

ಅವಳಿಗೆ ಗೊತ್ತಿತ್ತು. ಅದೇ ಅವಳನ್ನು ಕೊರೆಯತೊಡಗಿತು.

ಮುಂದಿನ ಶುಕ್ರವಾರ ಮತ್ತೆ ಹಾಗೇ ಆಯಿತು. ಕೋರ್ಟಿನ ಮೇಲೆ ಮರಳಿನ ಪುಡಿಯಿದೆ ಎಂದ ಅವನು. ಶೂ ಸವೆದಿದೆ ಎಂದು ಹೊಸದು ತಂದ. ಹೊಸ ಶೂ ಹಾಕಿದ ದಿನವೂ ಅವಳು ಊದಬೇಕಾಯಿತು. ಅವತ್ತು ಮನೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಬಿಟ್ಟು ಎದ್ದ. ಮಗಳು ರಶ್ಮಿತಾ ಹತ್ತು ವರ್ಷದವಳು, ಅದೇ ಶಾಲೆಯಲ್ಲಿ ಓದುತ್ತಿದ್ದವಳು. ಅವಳು ತಾಯಿಯ ಹಿಂದೆಯೇ ಅಡುಗೆಮನೆಗೆ ಬಂದು, "ಮಮ್ಮಿ, ಕ್ಲಾಸಲ್ಲಿ ಎಲ್ರೂ ಟೀಸ್ ಮಾಡ್ತಾರೆ. ಯಾಕೆ ಯಾವಾಗ್ಲೂ ಪಪ್ಪಂಗೇ ಕೊಡೋದು?" ಎಂದು ಕೇಳಿದಳು.

ವೇದಾಗೆ ತನ್ನ ಮೇಲೆಯೇ ಅನುಮಾನ ಬಂತು. ಸ್ವಂತದವನೆಂದು ಬೇರೆಯವರಿಗಿಂತ ಹೆಚ್ಚು ಬಿಗಿಯಾಗಿ ನೋಡುತ್ತಿದ್ದೇನೆಯೇ? ಉಳಿದವರ ಕಾಲೂ ಅಲ್ಲಲ್ಲಿ ಸರಿಯುತ್ತಿರಬಹುದು, ತಾನು ಅವನದನ್ನೇ ಕಾಯುತ್ತಿರಬಹುದು. ಆ ಯೋಚನೆಯಲ್ಲೇ ಒಂದು ಶುಕ್ರವಾರ, ಕಾಲು ಸರಿದದ್ದನ್ನು ಕಣ್ಣಾರೆ ಕಂಡೂ ಅವಳು ಊದಲಿಲ್ಲ. ಚೆಂಡು ಬುಟ್ಟಿಗೆ ಬಿತ್ತು. ಎದುರು ತಂಡದವರು ಕೈಯೆತ್ತಿ ಅವಳತ್ತ ನೋಡಿದರು, ಆದರೆ ಜಗಳ ಮಾಡಲಿಲ್ಲ. ಇಷ್ಟು ವಾರ ಅವಳ ನ್ಯಾಯ ನೋಡಿದ್ದವರು, ಈಗಲೂ ಸರಿಯೇ ಇರಬೇಕೆಂದು ಸುಮ್ಮನಾದರು. ಅವರ ಆ ಸುಮ್ಮನಿರುವಿಕೆ ಅವಳಿಗೆ ಜಗಳಕ್ಕಿಂತ ಕಷ್ಟವಾಯಿತು. ಇನ್ನೊಮ್ಮೆ ಹಾಗೆ ಮಾಡುವುದಿಲ್ಲವೆಂದು ಅಂದೇ ನಿರ್ಧರಿಸಿದಳು.

ಜನವರಿಯ ಕೊನೆಗೆ ಸೆಮಿಫೈನಲ್. ಆಟ ಮುಗಿಯಲು ಕೆಲವೇ ಕ್ಷಣಗಳಿದ್ದವು, ಧನಂಜಯನ ತಂಡ ಒಂದು ಪಾಯಿಂಟ್ ಹಿಂದಿತ್ತು. ಚೆಂಡು ಅವನ ಕೈಗೆ ಬಂತು. "ಯಲ್ಲಾ ಧನಂಜಯ್, ನಡಿ ನಡಿ" ಎಂದು ಜನ ಕೂಗುತ್ತಿದ್ದರು. ಅವನು ಊರಿ ನಿಂತ, ತಿರುಗಿದ, ಚೆಂಡು ಎತ್ತಿ ತೋರಿಸಿದ. ಎದುರಾಳಿ ಹಾರಿದ. ಅವನ ಕಂಕುಳ ಕೆಳಗೆ ಬಲಗಾಲು ಚಾಚಿದ. ವೇದಾ ನೋಡುತ್ತಿದ್ದಳು. ಧನಂಜಯನ ಎಡ ಮೊಣಕಾಲು ಎದ್ದಿತು, ಪಾದದ ತುದಿ ಏಳಲಿಲ್ಲ. ಅದು ನೆಲವನ್ನು ಕೆರೆದುಕೊಂಡು ಮುಂದೆ ಬಂದು ಊರಿತು. ಚೆಂಡು ಇನ್ನೂ ಅವನ ಕೈಯಲ್ಲೇ ಇತ್ತು.

ಅವಳು ಊದಿದಳು.

ಧನಂಜಯ ಚೆಂಡನ್ನು ನೆಲಕ್ಕೆ ಅಪ್ಪಳಿಸಿದ. ಅದು ಎತ್ತರಕ್ಕೆ ಚಿಮ್ಮಿತು. "ನಿನಗೆ ಕಣ್ಣು ಕಾಣಲ್ವಾ?" ಎಂದು ಎಲ್ಲರ ಮುಂದೆ ಕೂಗಿದ. "ನನ್ನನ್ನ ಇಲ್ಲಿ ನಗೆಪಾಟಲು ಮಾಡೋದಕ್ಕೇ ವಿಷಲ್ ಕಟ್ಟಿಕೊಂಡು ಬರ್ತೀಯಾ ನೀನು?"

ಹಾಗೆ ಚೆಂಡು ಬಡಿದು ರೆಫರಿಯ ಮೇಲೆ ಕೂಗಿದವರಿಗೆ ಟೆಕ್ನಿಕಲ್ ಫೌಲ್ ಕೊಡಬೇಕು. ಬೇರೆ ಯಾರಾಗಿದ್ದರೂ ಕೊಡುತ್ತಿದ್ದಳು. ಅವನಿಗೂ ಅವಳು ಒಂದು ಅಂಗೈಯನ್ನು ಅಡ್ಡ ಹಿಡಿದು, ಇನ್ನೊಂದನ್ನು ಅದರ ಅಡಿಗೆ ನೆಟ್ಟಗೆ ಇಟ್ಟು ಆ ಸನ್ನೆ ತೋರಿಸಿದಳು. ಪಂದ್ಯ ಸೋತಾಯಿತು. ಧನಂಜಯ ಕಾರು ತೆಗೆದುಕೊಂಡು ಒಬ್ಬನೇ ಹೊರಟುಹೋದ.

ತಾಯಿ ಮಗಳನ್ನು ಆನ್ಸೆಲ್ಮ್ ತನ್ನ ಕಾರಿನಲ್ಲಿ ಕೂರಿಸಿಕೊಂಡ. ಜೊತೆಯಲ್ಲಿ ಅವನ ಹೆಂಡತಿ ಕೊನ್ಸೆಪ್ಟಾ ಇದ್ದಳು, ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ರಶ್ಮಿತಾ ಕಿಟಕಿಗೆ ಮುಖ ಹಚ್ಚಿ ಅಳುತ್ತಾ ಹಾಗೇ ನಿದ್ದೆ ಹೋದಳು. ವೇದಾಗೆ ಗಂಡನ ಮಾತು ನೆನಪಾಗುತ್ತಿರಲಿಲ್ಲ. ಆ ಕಾಲು ಮಾತ್ರ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು. ಆಟಗಾರರು ಮಾಡುವ ಎಲ್ಲ ತಪ್ಪುಗಳನ್ನೂ ಅವಳು ನೋಡಿದ್ದಳು. ಅವಸರದವರ ಕಾಲು ಬೇಗ ಏಳುತ್ತದೆ, ದಣಿದವರದು ತಡವಾಗಿ ಏಳುತ್ತದೆ. ಮೊಣಕಾಲು ಎದ್ದರೂ ಪಾದ ಜೋತುಬಿದ್ದಿದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ.

"ಕೊನ್ಸೆಪ್ಟಾ, ನಾನು ಒಂದು ಕೇಳ್ಲಾ?" ಎಂದು ಕಂಡದ್ದನ್ನು ಕಂಡ ಹಾಗೇ ಹೇಳಿದಳು.

ಕೊನ್ಸೆಪ್ಟಾ ಹಿಂದಕ್ಕೆ ತಿರುಗಿ ಕೂತಳು. "ಮನೆಯಲ್ಲಿ ನಡೆಯುವಾಗ ಅವರ ಚಪ್ಪಲಿ ಕಾಲಿಂದ ಕಳಚಿಹೋಗೋದು ಉಂಟಾ?"

ಎಡಗಾಲಿನ ಚಪ್ಪಲಿ ಹಾಲಿನ ನಡುವೆ ಒಂಟಿಯಾಗಿ ಬಿದ್ದಿರುತ್ತಿತ್ತು. ಎಷ್ಟೋ ಸಲ ಅವಳೇ ಬೈಯುತ್ತಾ ಎತ್ತಿ ಬಾಗಿಲ ಹತ್ತಿರ ಇಟ್ಟಿದ್ದಳು.

"ಕೈಯಿಂದ ಲೋಟ ಬೀಳೋದು? ಶರ್ಟಿನ ಬಟನ್ ಹಾಕ್ಲಿಕ್ಕೆ ಹೊತ್ತು ತಗೊಳ್ಳೋದು?"

"ಈಗೀಗ ಟೀ ಶರ್ಟೇ ಹಾಕ್ಕೋತಾರೆ" ಎಂದಳು ವೇದಾ. ಹೇಳಿದ ಮೇಲೆಯೇ ಅದರ ಅರ್ಥ ಅವಳಿಗೂ ಹೊಳೆಯಿತು.

"ಏನಾದ್ರೂ ಆಗಿರ್ಲಿಕ್ಕಿಲ್ಲ ಅಂತ್ಲೇ ಇಟ್ಕೊಳ್ಳಿ. ಆದ್ರೂ ಬೇಗ ಒಮ್ಮೆ ತೋರಿಸಿ" ಎಂದಳು ಕೊನ್ಸೆಪ್ಟಾ.

ಆ ವಾರವೆಲ್ಲ ಧನಂಜಯ ಹೆಂಡತಿಯ ಮುಖ ನೋಡಲಿಲ್ಲ. ಅವಳು ಡಾಕ್ಟರ ಮಾತೆತ್ತಿದಾಗ ಮಾತ್ರ ಬಾಯಿಬಿಟ್ಟ. "ನನ್ನ ಕಾಲು ಸರಿಯಾಗಿದೆ. ನಿನ್ನ ವಿಷಲ್ ಸರಿಯಿಲ್ಲ. ಅದನ್ನ ಒಪ್ಪಿಕೊಳ್ಳೋಕಾಗದೆ ಈಗ ಕಾಯಿಲೆ ಅಂತ ಹೊರಟಿದ್ದೀಯ."

"ಸರಿ ಇದ್ರೆ ನನಗೆ ತೋರಿಸಿ. ನಾವಿಬ್ಬರೇ. ಸರಿ ಇದ್ರೆ ನಾನು ಇನ್ಮೇಲೆ ನಿಮ್ಮ ಆಟಕ್ಕೆ ವಿಷಲ್ ಮುಟ್ಟಲ್ಲ."

ಅವನಿಗೆ ಬೇಕಾಗಿದ್ದುದೂ ಅದೇ. ಒಪ್ಪಿಕೊಂಡ.

ಗುರುವಾರ ಇಡೀ ದಿನ ಧೂಳುಗಾಳಿ ಬೀಸಿತ್ತು. ಶುಕ್ರವಾರ ಬೆಳಿಗ್ಗೆ ಗಾಳಿ ನಿಂತು, ಆಕಾಶ ಇನ್ನೂ ಮಾಸಲಾಗಿತ್ತು. ಶಾಲೆಯ ಕಾವಲಿನವನು ಗೇಟು ತೆಗೆದ. ಕೋರ್ಟಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ನುಣ್ಣನೆಯ ಮರಳು ಕೂತಿತ್ತು. ವೇದಾ ಗುಡಿಸಲು ಪೊರಕೆ ಹುಡುಕಿದಳು. "ಬೇಡ, ಹೀಗೇ ಇರಲಿ. ಆಮೇಲೆ ಅದೊಂದು ನೆಪ ಆಗೋದು ಬೇಡ" ಎಂದ ಧನಂಜಯ. ಕಾಲ ಕೆಳಗೆ ಹಿಡಿತ ಸಿಗುವಷ್ಟು ಜಾಗವನ್ನು ಮಾತ್ರ ಶೂನಿಂದ ತಿಕ್ಕಿಕೊಂಡ.

ಅವಳೇ ಎದುರಾಳಿಯಾಗಿ ನಿಂತಳು. ಅವನ ಬೆನ್ನಿಗೆ ಮುಂಗೈ ಒತ್ತಿ ಕಾದಳು. ಅವನು ತಿರುಗಿದ, ಎತ್ತಿ ತೋರಿಸಿದ, ನುಸುಳಿ ಹೊಡೆದ. ಚೆಂಡು ಒಳಗೆ ಬಿತ್ತು. ಕಾಲು ಸರಿದಿರಲಿಲ್ಲ. ಇನ್ನೊಂದು ಸಲವೂ ಸರಿಯಲಿಲ್ಲ. ಮದುವೆಗೆ ಮೊದಲು ಮೈಸೂರಿನಲ್ಲಿ ಹೀಗೆ ಆಡುತ್ತಿದ್ದದ್ದು ಇಬ್ಬರಿಗೂ ನೆನಪಾಗಿರಬೇಕು, ಅವನು ಎಷ್ಟೋ ದಿನಗಳ ಮೇಲೆ ಅವಳನ್ನು ನೋಡಿ ನಕ್ಕ. "ಏನಂತೀಯ ಈಗ?"

ವೇದಾಗೆ ಅಲ್ಲಿಗೇ ನಿಲ್ಲಿಸಿಬಿಡುವ ಆಸೆಯಾಯಿತು. ತಪ್ಪು ನನ್ನದೇ ಎಂದು ಒಪ್ಪಿಕೊಂಡು, ದಾರಿಯಲ್ಲಿ ಕರಕ್ ಚಹಾ ಕುಡಿದು ಮನೆಗೆ ಹೋಗಬಹುದಿತ್ತು.

"ಇನ್ನೂ ಸ್ವಲ್ಪ ಆಡಿ" ಎಂದಳು.

ಆಡಿದರು. ಅವನಿಗೆ ಉಸಿರು ಹತ್ತಿತು, ಬೆವರು ಇಳಿಯಿತು. ಅವಳು ಬಿಡದೆ ಮೈಮೇಲೆ ಬಂದು ತಡೆದಳು. ಆಮೇಲೆ ಒಂದು ತಿರುವಿನಲ್ಲಿ ಅವನು ನಿಂತೇಬಿಟ್ಟ. ಅವಳು ಏನೂ ಹೇಳಿರಲಿಲ್ಲ. ಅವನು ತನ್ನ ಕಾಲ ಬಳಿ ನೋಡುತ್ತಿದ್ದ. ಮೊದಮೊದಲು ಊರಿ ತಿರುಗಿದ ಕಡೆ ಮರಳಿನಲ್ಲಿ ದುಂಡಗಿನ ಗುರುತುಗಳಿದ್ದವು. ಈಗಿನದು ಉದ್ದನೆಯ ಗೀರು. ಅದರ ಪಕ್ಕದಲ್ಲಿ ಇನ್ನೊಂದು, ಅದಕ್ಕೂ ಮೊದಲಿನದು. ಅವನು ಶೂನಿಂದ ಅವನ್ನು ಒರೆಸಿ ಹಾಕಿ ಮತ್ತೆ ಊರಿ ನಿಂತು ತಿರುಗಿದ. ಮತ್ತೆ ಗೀರು. ಅದನ್ನೂ ಒರೆಸಿದ. ಇನ್ನೊಮ್ಮೆ ಮಾಡಿದ, ಅವಳು ತಡೆಯದಿದ್ದರೂ, ನಿಧಾನವಾಗಿ, ಮಕ್ಕಳಿಗೆ ಕಲಿಸುವ ಹಾಗೆ ಒಂದೊಂದೇ ಹೆಜ್ಜೆಯಾಗಿ. ಕಾಲು ಅವನ ಮಾತು ಕೇಳಲಿಲ್ಲ.

ಚೆಂಡು ಬಿಟ್ಟು ಕಂಬದ ಬುಡದಲ್ಲಿ ಕೂತ. ಅವಳೂ ಪಕ್ಕದಲ್ಲಿ ಕೂತಳು.

"ನವೆಂಬರಲ್ಲಿ ಟ್ಯಾಂಕಿನ ಏಣಿ ಮೇಲೆ ಕಾಲು ತಪ್ಪಿತ್ತು" ಎಂದ. "ಮೆಟ್ಟಿಲ ಮೇಲೆ ಇಟ್ಟಿದ್ದೀನಿ ಅಂದ್ಕೊಂಡಿದ್ದೆ, ಇಟ್ಟಿರಲಿಲ್ಲ. ಕೈಯಲ್ಲಿ ಜೋತುಬಿದ್ದೆ. ಬೆರಳಿಗೆ ಕಂಬಿ ಹಿಡಿದಿದ್ದೇ ಗೊತ್ತಾಗ್ತಿರಲಿಲ್ಲ. ಕೆಳಗಿದ್ದವರಿಗೆ ಗ್ಲೌಸ್ ಜಾರಿತು ಅಂದೆ."

ನವೆಂಬರ್ ಎಂದರೆ ಅವಳ ಮೊದಲ ಸೀಟಿಗೂ ಮೊದಲು. ಅವಳಿಗೆ ಸಿಟ್ಟು ಬಂತು. "ಅಲ್ಲಿಂದ ಇಲ್ಲೀ ತನಕ ದಿನಾ ಹತ್ತುತ್ತಾನೇ ಇದ್ದೀರಾ? ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಜ ಆಗಿಬಿಡುತ್ತಲ್ಲ" ಎಂದ. "ಈ ಕೋರ್ಟಲ್ಲಿ ಒಂದು ದಿನ ಸರಿಯಾಗಿ ಆಡಿಬಿಟ್ರೆ ಸಾಕು, ನನಗೇನೂ ಆಗಿಲ್ಲ ಅಂತ ನಂಬಬಹುದು ಅಂದ್ಕೊಂಡು ಬರ್ತಿದ್ದೆ. ಬಂದಾಗೆಲ್ಲ ನೀನು ಊದ್ತಿದ್ದೆ."

ವೇದಾ ಅವನ ಕೈ ಹಿಡಿದುಕೊಂಡಳು. ಅವಳು ಹಿಡಿದದ್ದು ಅವನಿಗೆ ಎಷ್ಟು ಗೊತ್ತಾಗುತ್ತಿದೆಯೋ ಎಂಬ ಯೋಚನೆ ಬಂದು ಇನ್ನೂ ಬಿಗಿಯಾಗಿ ಹಿಡಿದಳು.

"ನಾಳೆ ಟ್ಯಾಂಕ್ ಹತ್ತಲ್ಲ ಅಂತ ಹೇಳಿ."

"ಹತ್ತಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಹೇಳಿದ್ರೆ ಮೆಡಿಕಲ್ ಅನ್‌ಫಿಟ್ ಅಂತ ಬರೀತಾರೆ. ಆಮೇಲೆ ಖಲಾಸ್. ಹತ್ತೋಕಾಗದ ಇನ್‌ಸ್ಪೆಕ್ಟರ್ ಯಾರಿಗೆ ಬೇಕು?"

"ನೀವು ಹೇಳದಿದ್ರೆ ನಾನೇ ಕಂಪನಿಗೆ ಫೋನ್ ಮಾಡ್ತೀನಿ."

ಅವನು ಕೈ ಬಿಡಿಸಿಕೊಂಡು ಅವಳನ್ನೇ ನೋಡಿದ. "ಮಾಡ್ತೀಯಾ?"

"ಮಾಡ್ತೀನಿ."

ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಎದ್ದು, ಎಂದಿನಂತೆ ಹೆಲ್ಮೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು, ಹೋಗಿ ಬರುತ್ತೇನೆಂದೂ ಹೇಳದೆ ಬಸ್ಸಿಗೆ ಹೋದ. ವೇದಾ ಶಾಲೆಗೆ ಹೋದಳು. ಮೊದಲ ಪೀರಿಯಡ್ಡಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಏನು ಹೇಳಿಕೊಡಲು ನಿಲ್ಲಿಸಿದೆನೆಂಬುದು ಮರೆತು, ಓಡಿ ಆಡಿಕೊಳ್ಳಿ ಎಂದು ಬಿಟ್ಟಳು. ಬಸ್ಸು ಈಗ ಅಲ್ ವಕ್ರಾ ದಾಟಿರಬೇಕು. ಈಗ ಗೇಟು ಮುಟ್ಟಿರಬೇಕು. ಆಫೀಸಿಗೆ ಹೋಗಿ ಫೋನಿನ ಮುಂದೆ ನಿಂತಳು. ಕಂಪನಿಯ ನಂಬರು ಬಾಯಿಪಾಠವಿತ್ತು. ಮಾಡಿದರೆ ಅವನ ಕೆಲಸ ಕಳೆಯುವವಳು ತಾನಾಗುತ್ತಾಳೆ. ಮಾಡದಿದ್ದರೆ ಏನಾಗಬಹುದೆಂಬುದನ್ನು ಪೂರ್ತಿ ಯೋಚಿಸಲು ಅವಳಿಂದಾಗಲಿಲ್ಲ. ರಿಸೀವರ್ ಎತ್ತಲು ಕೈ ಚಾಚಿದಾಗ ಫೋನೇ ರಿಂಗಾಯಿತು.

ಕೊನ್ಸೆಪ್ಟಾ. "ವೇದಾ, ಧನಂಜಯ ಇಲ್ಲಿ ಬಂದಿದ್ದಾರೆ. ನಮ್ಮ ವಾರ್ಡಿನ ಹೊರಗೆ ಬೆಂಚಲ್ಲಿ ಕೂತಿದ್ದಾರೆ. ಬಸ್ಸು ಬಂತಂತೆ, ಹತ್ತಲಿಲ್ಲವಂತೆ. ನೀವು ಬನ್ನಿ."

ಆಸ್ಪತ್ರೆಯ ದಿನಗಳು ಉದ್ದವಾಗಿದ್ದವು. ಪಾದದ ಅಡಿಯನ್ನು ಕೀಲಿಯಿಂದ ಗೀರಿ ನೋಡಿದರು, ಕಣ್ಣು ಮುಚ್ಚಿ ನಿಲ್ಲಿಸಿದರು, ಸ್ಕ್ಯಾನ್ ಮಾಡಿದರು. ಕಾಯಿಲೆ ಕಾಲಿನಲ್ಲಿರಲಿಲ್ಲ, ಕುತ್ತಿಗೆಯಲ್ಲಿತ್ತು. ಬೆನ್ನುಮೂಳೆಯ ಒಳಗಿನ ಒಂದು ಪಟ್ಟಿ ಮೂಳೆಯಂತೆ ಗಟ್ಟಿಯಾಗಿ ಬೆಳೆದು ನರದ ಹುರಿಯನ್ನು ಒತ್ತುತ್ತಿತ್ತು. ಆಪರೇಷನ್ ಮಾಡಿದರೆ ಇನ್ನಷ್ಟು ಹದಗೆಡುವುದು ನಿಲ್ಲಬಹುದು, ಹೋದದ್ದೆಲ್ಲ ವಾಪಸು ಬರುತ್ತದೆಂದು ಹೇಳಲಾಗದು ಎಂದರು ಡಾಕ್ಟರ್. ಈ ಕುತ್ತಿಗೆಯಿಟ್ಟುಕೊಂಡು ಏಣಿಯಿಂದ ಬಿದ್ದಿದ್ದರೆ ಕತ್ತಿನಿಂದ ಕೆಳಗೆ ಏನೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. "ಮೊದಲು ಗಮನಿಸಿದ್ದು ಯಾರು?" ಎಂದು ಕೇಳಿದರು. ಧನಂಜಯ ಹೆಂಡತಿಯತ್ತ ಕೈ ತೋರಿಸಿದ.

ಆಪರೇಷನ್ ಆಯಿತು. ಕೈಬೆರಳುಗಳಿಗೆ ಸ್ಪರ್ಶ ಹಂತಹಂತವಾಗಿ ಮರಳಿತು. ಎಡಗಾಲು ಮಾತ್ರ ಸೆಟೆದುಕೊಂಡೇ ಉಳಿಯಿತು. ಕಂಪನಿಯವರು ಒಳ್ಳೆಯ ಮಾತನ್ನೇ ಆಡಿದರು. ಕೆಲವು ವಾರ ಡ್ರಾಯಿಂಗ್ ಆಫೀಸಿನಲ್ಲಿ ಒಂದು ಕುರ್ಚಿ ಕೊಟ್ಟರು. ಬೇಸಿಗೆಗೆ ಮುಗಿಯಲಿದ್ದ ಕಾಂಟ್ರಾಕ್ಟನ್ನು ಮುಂದುವರಿಸುವುದಿಲ್ಲವೆಂದು ಏಪ್ರಿಲ್‌ನಲ್ಲಿ ತಿಳಿಸಿದರು. ಆ ದಿನ ಮನೆಗೆ ಬಂದವನು, "ನೀನು ಸುಮ್ಮನಿದ್ದಿದ್ರೆ ಇನ್ನೊಂದು ವರ್ಷ ಎಳೆದಿರಬಹುದಿತ್ತು" ಎಂದುಬಿಟ್ಟ. ವೇದಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದಳು. ಅವನು ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ, ಮತ್ತೆ ಆಡಲೂ ಇಲ್ಲ.

ಮೈಸೂರಿಗೆ ಹಿಂದಿರುಗುವುದೆಂದಾಯಿತು. ಅಲ್ಲಿ ಯಾವುದಾದರೂ ಶಾಲೆಯಲ್ಲಿ ತನಗೆ ಕೆಲಸ ಸಿಕ್ಕೀತೆಂದು ವೇದಾ ಅಂದುಕೊಂಡಿದ್ದಳು. ಅವನಿಗೇನು ಸಿಕ್ಕೀತೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಹೊರಡುವ ಮುಂಚಿನ ಒಂದು ಸಂಜೆ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದ ಧನಂಜಯ ಡಾಕ್ಟರು ಹೇಳಿದ ನಡಿಗೆಯನ್ನು ಮನೆಯ ಮುಂದಿನ ಕಾರಿಡಾರಿನಲ್ಲಿ ಮಾಡುತ್ತಿದ್ದ. ಪಕ್ಕದಲ್ಲಿ ರಶ್ಮಿತಾ ನಡೆಯುತ್ತಿದ್ದಳು. ಬಾಗಿಲು ತೆರೆದಿತ್ತು. ಒಳಗೆ ಒಲೆಯ ಮುಂದಿದ್ದ ವೇದಾಗೆ ಇಬ್ಬರ ಮಾತೂ ಕೇಳಿಸುತ್ತಿತ್ತು.

"ಪಪ್ಪಾ, ಮಮ್ಮಿ ಕೊಟ್ಟಿದ್ದೆಲ್ಲ ಕರೆಕ್ಟ್ ಇತ್ತಾ?"

"ಹೂಂ. ಎಲ್ಲಾ ಕರೆಕ್ಟೇ. ಒಂದು ಸಲ ಕೊಡಬೇಕಾಗಿದ್ದನ್ನ ಕೊಡಲಿಲ್ಲ, ಅಷ್ಟೇ."

ಅದು ಅವನಿಗೂ ಗೊತ್ತಿತ್ತು ಎಂಬುದು ವೇದಾಗೆ ಆಗಲೇ ತಿಳಿದದ್ದು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಹಾಗಿದ್ರೆ ಅವತ್ತು ಅಷ್ಟು ಯಾಕೆ ಶೌಟ್ ಮಾಡಿದ್ದು?"

ಕಾಲಿನ ಸದ್ದು ನಿಂತಿತು. ಕೆಳಗೆ ರಸ್ತೆಯಲ್ಲಿ ಯಾರೋ ಕಾರಿನ ಹಾರ್ನ್ ಒತ್ತುತ್ತಿದ್ದರು. ಅವನು, "ಹೆದರಿಕೆ ಆಗಿತ್ತು ಪುಟ್ಟಾ" ಎಂದ.

"ಈಗ?"

"ಈಗಲೂ ಇದೆ."

ರಶ್ಮಿತಾ ಅಪ್ಪನ ಬಲಗಡೆಯಿಂದ ಎಡಗಡೆಗೆ ಬಂದು ಅವನ ಕೈಯನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. "ಯಲ್ಲಾ, ಲಿಫ್ಟ್ ತನಕ ಹೋಗಿ ಬರೋಣ" ಎಂದಳು. ವೇದಾ ಒಲೆ ಆರಿಸಿ, ಕೈ ಒರೆಸಿಕೊಂಡು, ಬಾಗಿಲಿಗೆ ಬಂದು ನಿಂತಳು.